ಕೆಂಪು ಪೆನ್ಸಿಲ್ಲೂ ನನ್ನ ಹಿಮ್ಮಡಿಯೂ

ಗುರುವಾರ, ಹದಿನಾಲ್ಕನೇ ತಾರೀಕು
ಕಾರ್ಖಾನೆಯಲ್ಲಿ, ಊಟದ ಬಿಡುವು

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಕಾಗದ ಬಂದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬೇಡ, ನನಗೇ ನಾಚಿಕೆಯಾಗುತ್ತದೆ. ಬರೆಯಲು ಕೂತಾಗಲೆಲ್ಲ ಏನೋ ಒಂದು ಅಡ್ಡ ಬರುತ್ತಿತ್ತು. ಏನೂ ಅಡ್ಡ ಬರದಿದ್ದಾಗ ನಾನೇ ಅಡ್ಡ ಬಂದೆ. ನಿನ್ನ ಕೆಮ್ಮು ನಿಜವಾಗಿ ಹೋಗಿದೆಯೋ, ಇಲ್ಲ ನನ್ನ ಸಮಾಧಾನಕ್ಕೆ ಹೋಗಿದೆ ಎಂದು ಬರೆದೆಯೋ? ಶಿಶುವಿಹಾರದ ಮಕ್ಕಳ ನೆಗಡಿಯೆಲ್ಲ ಕೊನೆಗೆ ನಿನ್ನ ಮೂಗಿಗೇ ಬಂದು ಸೇರುತ್ತದೆ. ಬಿಸಿನೀರು ಕುಡಿ. ತಲೆಗೆ ಬಟ್ಟೆ ಕಟ್ಟಿಕೋ. ಇದನ್ನು ಓದಿ ನಗುತ್ತೀಯ, ನಗು, ಆದರೆ ಕಟ್ಟಿಕೋ.

ಕಾಗದ ನೋಡಿ ಗಾಬರಿಯಾಗಬೇಡ. ಇದು ಬಟ್ಟೆ ಕತ್ತರಿಸುವ ಮೊದಲು ಮೇಲೆ ಹಾಸುವ ಕಾಗದ. ಹಿಂಭಾಗದಲ್ಲಿ ಕಾಣುವ ಗೆರೆಗಳು ಯಾವುದೋ ಸಮವಸ್ತ್ರದ ತೋಳಿನವು. ಇನ್ನೊಂದು ಮಾತು: ಇದರಲ್ಲಿ ತಪ್ಪುಗಳು ರಾಶಿ ಇರುತ್ತವೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಅದೂ ಆ ವರ್ಷ ಪೂರ್ತಿ ಹೋಗಲಿಲ್ಲ. ಇಷ್ಟು ವರ್ಷ ನಿನಗೆ ನನ್ನಿಂದ ಬಂದ ಕಾಗದಗಳು ಶುದ್ಧವಾಗಿ ಇದ್ದವಲ್ಲ, ಅದೆಲ್ಲ ಇವರ ಕೆಲಸ. ನಾನು ಬರೆಯುವುದು, ಇವರು ತಿದ್ದುವುದು, ನಾನು ಮತ್ತೆ ನಕಲು ಮಾಡುವುದು. ಈ ಕಾಗದವನ್ನು ಇವರಿಗೆ ತೋರಿಸಿಲ್ಲ. ತೋರಿಸುವುದೂ ಇಲ್ಲ. ಉತ್ತರ ಬರೆದರೆ ಮನೆಗೆ ಹಾಕಬೇಡ, ಕಾರ್ಖಾನೆಯ ವಿಳಾಸಕ್ಕೆ ಹಾಕು. ಫೋನ್ ಮಾಡಬಾರದಿತ್ತೇ ಎಂದು ಕೇಳುತ್ತೀಯ. ನಮ್ಮ ಮನೆಯಲ್ಲಿ ಒಂದು ಕೋಣೆಯಲ್ಲಿ ಪಿಸುಗುಟ್ಟಿದರೆ ಇನ್ನೊಂದು ಕೋಣೆಯಿಂದ ಉತ್ತರ ಬರುತ್ತದೆ.

ಹೆದರಬೇಡ, ಇವರ ಆರೋಗ್ಯ ಚೆನ್ನಾಗಿದೆ. ಚೆನ್ನಾಗಿದೆ ಎಂಬುದೇ ವಿಷಯ.

ಇವರು ಕರಡು ತಿದ್ದುತ್ತಿದ್ದ ಪ್ರೆಸ್ಸು ಮುಚ್ಚಿದ್ದು ನಿನಗೆ ಗೊತ್ತು. ಆಮೇಲೆ ಇವರು ಹೇಗಿದ್ದರು ಎಂಬುದನ್ನು ನಾನು ಅರ್ಧ ಮಾತ್ರ ಬರೆದಿದ್ದೆ, ಯಾಕೆಂದರೆ ಆ ಕಾಗದವನ್ನೂ ಅವರೇ ತಿದ್ದಿದ್ದು. ಉಳಿದ ಅರ್ಧ ಈಗ ಕೇಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರುತ್ತಿದ್ದರು, ಆದರೆ ಮುಖ ಕಿಟಕಿಯ ಕಡೆಗಲ್ಲ, ಗೋಡೆಯ ಕಡೆಗೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವರು ಹಾಕಿದ್ದ ಅಂಗಿ ಸಂಜೆಗೂ ಇರುತ್ತಿತ್ತು, ಮಾರನೆಯ ದಿನಕ್ಕೂ ಇರುತ್ತಿತ್ತು. ಮಾತಾಡಿಸಿದರೆ "ಹೂಂ". ಜಗಳ ತೆಗೆದರೂ "ಹೂಂ". ಗಂಡನ ಜೊತೆ ಜಗಳ ಆಡಲಾಗದ ಮನೆ ಮನೆಯೇ ಅಕ್ಕಾ?

ನಿನಗೆ ನೆನಪಿದೆಯಲ್ಲ, ನೀನೇ ಇವರಿಗೆ ಕೆಂಪು ಪೆನ್ಸಿಲ್ ಎಂದು ಹೆಸರಿಟ್ಟದ್ದು. ಮದುವೆಯ ಆಮಂತ್ರಣ ಬಂದರೆ ಮದುಮಗಳ ಹೆಸರಿಗೂ ಮೊದಲು ಅದರಲ್ಲಿರುವ ತಪ್ಪು ಇವರ ಕಣ್ಣಿಗೆ ಬೀಳುತ್ತಿತ್ತು. ಬಸ್ಸಿನ ಬೋರ್ಡು, ಮಾತ್ರೆಯ ಚೀಟಿ, ಒಮ್ಮೆ ಸಾವಿನ ಸುದ್ದಿಯ ಕಾಗದ, ಯಾವುದನ್ನೂ ಬಿಟ್ಟವರಲ್ಲ. ಹೀಗಿರುವಾಗ ನಮ್ಮ ಬೀದಿಯ ಅಂಗಡಿಗೆ ಹೊಸ ಬೋರ್ಡು ಬಂತು. ನನಗೇ ಕಾಣುವಷ್ಟು ದೊಡ್ಡ ತಪ್ಪು ಅದರಲ್ಲಿ. ಇವರು ತಲೆಯೆತ್ತಿ ನೋಡಿದರು. ಪೂರ್ತಿ ಓದಿದರು. ಏನೂ ಅನ್ನದೆ ಮುಂದೆ ನಡೆದರು. ಆವತ್ತು ನನಗೆ ಆದ ಹೆದರಿಕೆಯನ್ನು ಹೇಗೆ ಬರೆಯಲಿ? ಊಟ ಬಿಟ್ಟಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ನಮಗೆ ಮಕ್ಕಳಿಲ್ಲ. ಅವರಿಗೆ ನಾನು, ನನಗೆ ಅವರು. ಇಬ್ಬರಲ್ಲಿ ಒಬ್ಬರು ಗೋಡೆ ನೋಡುತ್ತಾ ಕೂತರೆ ಮನೆಯಲ್ಲಿ ಉಳಿಯುವುದು ಅರ್ಧ ಮನುಷ್ಯ.

ಅದೇ ಸಮಯಕ್ಕೆ ನನ್ನ ಎಡಗಾಲಿನ ಹಿಮ್ಮಡಿ ಹಿಡಿದುಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರಿದರೆ ಗಾಜಿನ ಚೂರಿನ ಮೇಲೆ ಕಾಲಿಟ್ಟ ಹಾಗೆ. ಸ್ವಲ್ಪ ಓಡಾಡಿದ ಮೇಲೆ ತಗ್ಗುವುದು, ಕೂತು ಎದ್ದರೆ ಮತ್ತೆ ಅದೇ ಕಥೆ. ನನ್ನ ಕೆಲಸ ನಿನಗೆ ಗೊತ್ತಲ್ಲ. ಉದ್ದ ಮೇಜಿನ ಆ ಅಂಚಿನಲ್ಲಿ ಒಬ್ಬಳು, ಈ ಅಂಚಿನಲ್ಲಿ ಒಬ್ಬಳು, ಬಟ್ಟೆಯ ಎರಡು ಕೊನೆ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯಬೇಕು, ಹಾಸಬೇಕು, ಸವರಬೇಕು, ಹಿಂದಕ್ಕೆ ಬರಬೇಕು. ಪದರದ ಮೇಲೆ ಪದರ. ಇಬ್ಬರ ಹೆಜ್ಜೆಯೂ ಒಂದೇ ಆಗಿರಬೇಕು, ಒಬ್ಬಳು ಹಿಂದೆ ಬಿದ್ದರೆ ಎಳೆ ಓರೆಯಾಗುತ್ತದೆ, ಆಮೇಲೆ ಕತ್ತರಿಸಿದ ಅಂಗಿಗಳೆಲ್ಲ ಒಂದು ಕಡೆಗೆ ಸೊಟ್ಟ. ಎದುರಿನ ಅಂಚಿನವಳು ನನಗಿಂತ ಚಿಕ್ಕವಳು, ನಾವೆಲ್ಲ ಅವಳನ್ನು ಗಡಿಯಾರ ಎಂದು ಕರೆಯುತ್ತೇವೆ, ಅಷ್ಟು ಅಳತೆಯ ಹೆಜ್ಜೆ. ಪಾಪ, ನನ್ನ ಕುಂಟು ಹೆಜ್ಜೆಗೆ ಹೊಂದಿಸಿಕೊಳ್ಳಲು ಅವಳೂ ಕುಂಟುತ್ತಿದ್ದಳು. ಮೇಲ್ವಿಚಾರಕ ಬಂದು, ನೀವಿಬ್ಬರೂ ಬಟ್ಟೆ ಹಾಸ್ತಿದೀರೋ ಕುಣೀತಿದೀರೋ ಎಂದು ಕೇಳಿದ. ನಕ್ಕೆವು. ಮಾರನೆಯ ದಿನ ನನ್ನನ್ನು ಮೇಜಿನಿಂದ ತೆಗೆದು ಗುಂಡಿ ಎಣಿಸಲು ಕೂರಿಸಿದ. ಅದಕ್ಕೆ ನಗು ಬರಲಿಲ್ಲ.

ಡಾಕ್ಟರ ಹತ್ತಿರ ಹೋದೆ. ಚಪ್ಪಲಿಯೊಳಗೆ ಮೆತ್ತೆ ಇಟ್ಟರು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ಕಸರತ್ತು ಹೇಳಿಕೊಟ್ಟರು, ಒಂದು ಸೂಜಿ ಹಾಕಿದರು. ಸೂಜಿ ಹಬ್ಬದ ಊಟದ ಹಾಗೆ ಕೆಲವು ದಿನ ಇತ್ತು, ಆಮೇಲೆ ಹೋಯಿತು. ಆಗ ಡಾಕ್ಟರಮ್ಮ ಕೆಲವು ಹಾಳೆಗಳನ್ನು ಕೈಗಿತ್ತು, ಈಗ ಹೊಸ ಬಗೆಯ ಚಿಕಿತ್ಸೆಗಳಿವೆ, ನೋವನ್ನು ಮುಚ್ಚುವುದಲ್ಲ, ಅಂಗಾಲಿನಲ್ಲಿ ಹಾಳಾದ ಪಟ್ಟಿಯನ್ನು ಮೈಯೇ ಮತ್ತೆ ಕಟ್ಟಿಕೊಳ್ಳುವ ಹಾಗೆ ಮಾಡುವುದು, ಓದಿ ನೋಡಿ, ಮನೆಯವರ ಜೊತೆ ಮಾತಾಡಿ ಎಂದರು. ನಾನು ಆ ಹಾಳೆಗಳನ್ನು ತಂದು ಮೇಜಿನ ಮೇಲೆ ಹಾಕಿ ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಆ ಕೋಣೆಯಿಂದ ದನಿ ಬಂತು:

"ಪೆನ್ಸಿಲ್ ಎಲ್ಲಿಟ್ಟಿದೀಯ?"

ಅಕ್ಕಾ, ಒಲೆ ಆರಿಸಿ ಅಲ್ಲೇ ನಿಂತುಬಿಟ್ಟೆ. ಆ ಪೆನ್ಸಿಲ್ಲನ್ನು ನಾನು ಎತ್ತಿಟ್ಟಿದ್ದೆ, ಕಂಡರೆ ಅವರಿಗೆ ದುಃಖವಾದೀತೆಂದು. ಕೊಟ್ಟೆ. ಬ್ಲೇಡಿನಲ್ಲಿ ಚೂಪು ಮಾಡಿದರು. ಅಂಗಿ ಬದಲಾಯಿಸಿ ಬಂದು ಕೂತರು.

ಅಲ್ಲಿಂದ ಶುರು. ಪ್ರೆಸ್ಸಿನಲ್ಲಿ ಒಬ್ಬರು ಮೂಲಪ್ರತಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದದ್ದನ್ನು ನೋಡುತ್ತಾ ತಿದ್ದುವುದು ಪದ್ಧತಿಯಂತೆ. ಆ ಓದುವ ಕೆಲಸಕ್ಕೆ ನನ್ನನ್ನು ಹಾಕಿಕೊಂಡರು. ದಿನಾ ಸಂಜೆ ನನ್ನ ಎಡಗಾಲು ಅವರ ತೊಡೆಯ ಮೇಲೆ. ಒಂದು ಕೈ ಹಿಮ್ಮಡಿ ತಿಕ್ಕುವುದು, ಇನ್ನೊಂದರಲ್ಲಿ ಕೆಂಪು ಪೆನ್ಸಿಲ್. ನಾನು ತಡವರಿಸಿ ಓದುವುದು, ಒತ್ತಕ್ಷರ ಬಂದಲ್ಲಿ ಎಡವುವುದು, ಅವರು ಕಾಯುವುದು. ಮದುವೆಯಾದ ಹೊಸದರಲ್ಲೂ ಇಷ್ಟು ಹೊತ್ತು ಒಟ್ಟಿಗೆ ಕೂತವರಲ್ಲ ನಾವು. ಒಂದು ದಿನ ಯಾವುದೋ ಜಾಹೀರಾತಿನ ಹಾಳೆ ಓದುವಾಗ ತಡೆದರು. "ಮೊದಲ ಪುಟದಲ್ಲಿ ಏನಂತ ಇತ್ತು? ಗುಣವಾಗಬಹುದು. ಇಲ್ಲಿ ಏನಂತ ಇದೆ? ಗುಣವಾಗುತ್ತದೆ. ಒಂದು ಪುಟ ತಿರುಗಿಸೋ ಅಷ್ಟರಲ್ಲಿ ಬಹುದು ಎಲ್ಲಿಗೆ ಹೋಯ್ತು ನೋಡು." ಸುತ್ತ ಕೆಂಪು ಗೆರೆ ಎಳೆದರು. ಅಷ್ಟು ಸಂತೋಷದ ಮುಖ ನೋಡಿ ಎಷ್ಟು ಕಾಲವಾಗಿತ್ತೋ.

ಇವರು ಹೋಲಿಸಿ ನೋಡಿದ್ದನ್ನು ನಿನಗೂ ಹೇಳಿಬಿಡುತ್ತೇನೆ, ಮಕ್ಕಳನ್ನೆತ್ತಿ ನಿನ್ನ ಕಾಲೂ ಹಿಡಿದೀತು. ಮೊದಲನೆಯದು ತರಂಗದ ಯಂತ್ರ. ಸೂಜಿ ಇಲ್ಲ, ಒಂದು ಹಿಡಿಕೆಯನ್ನು ಹಿಮ್ಮಡಿಗೆ ಒತ್ತಿ ಟಕಟಕ ಬಡಿಯುತ್ತದೆ, ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದ ಹಾಗೆ. ಡಾಕ್ಟರಮ್ಮ ಹೇಳಿದ್ದು, ನಿಮ್ಮ ಮೈ ಈ ಗಾಯವನ್ನು ಮರೆತೇಬಿಟ್ಟಿದೆ, ಇದು ನೆನಪು ಮಾಡಿಕೊಡುತ್ತದೆ ಎಂದು. ಪದೇ ಪದೇ ಹೋಗಬೇಕು. ಎರಡನೆಯದು ನಮ್ಮದೇ ರಕ್ತ. ತೋಳಿನಿಂದ ತೆಗೆದು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಬೇರೆಯಾದ ಹಳದಿ ನೀರನ್ನು ನೋವಿರುವಲ್ಲಿಗೆ ಚುಚ್ಚುವುದು. ಮೊದಲು ನೋವು ಜಾಸ್ತಿ, ಫಲ ನಿಧಾನ, ಆದರೆ ಬಾಳಿಕೆ ಬರುವುದಂತೆ. ಈ 'ಅಂತೆ'ಯ ಕೆಳಗೂ ಇವರ ಗೆರೆ ಇದೆ. ಮೂರನೆಯದು ಹೊಟ್ಟೆಯ ಕೊಬ್ಬು ತೆಗೆದು ಅದರೊಳಗಿನ ಜೀವಕಣಗಳನ್ನು ಹಿಮ್ಮಡಿಗೆ ಸೇರಿಸುವುದು. ಅದು ನಮ್ಮ ಡಾಕ್ಟರ ಹತ್ತಿರ ಇಲ್ಲ, ಪೇಟೆಯಲ್ಲಿ ಗಾಜಿನ ಬಾಗಿಲಿನ ಹೊಸ ಆಸ್ಪತ್ರೆಯಲ್ಲಿದೆ. ನಮ್ಮ ಡಾಕ್ಟರಮ್ಮನನ್ನು ಕೇಳಿದರೆ, ಮೊದಲೆರಡಕ್ಕೆ ಅಷ್ಟೋ ಇಷ್ಟೋ ಆಧಾರ ಇದೆ, ಎಲ್ಲರಿಗೂ ಒಗ್ಗುತ್ತದೆ ಎಂದು ಅವಕ್ಕೂ ನಾನು ಮಾತು ಕೊಡುವುದಿಲ್ಲ, ಮೂರನೆಯದನ್ನು ಇನ್ನೂ ಪರೀಕ್ಷೆ ಮಾಡುತ್ತಿದ್ದಾರೆ, ಹೊಸದು ಎಂದ ಮಾತ್ರಕ್ಕೆ ಒಳ್ಳೆಯದಲ್ಲ ಎಂದರು. ಬಹುದು ಎಂಬ ಮಾತನ್ನು ನುಂಗಿದ ಹಾಳೆ ಇದೇ ಮೂರನೆಯದರದು.

ಮೊದಲು ಟಕಟಕ ಮಾಡಿಸಿದೆವು. ಸ್ವಲ್ಪ ಹಗುರವಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ರಕ್ತ. ಅಯ್ಯೋ, ಆ ವಾರ ಬೇಡ. ಕಾಲೊಳಗೆ ಯಾರೋ ಒಲೆ ಹೊತ್ತಿಸಿದ ಹಾಗೆ. ಉರಿಯೂತ ತಗ್ಗಿಸುವ ಮಾತ್ರೆ ತಿನ್ನಬಾರದು, ಮಂಜುಗಡ್ಡೆ ಇಡಬಾರದು, ಆ ಉರಿಯೇ ರಿಪೇರಿ ಮಾಡುವುದು ಎಂದಿದ್ದರು. ಇವರು ಮನೆಯ ಮಾತ್ರೆಗಳನ್ನೆಲ್ಲ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟು, ತಾವು ತಲೆನೋವು ಬಂದರೂ ತೆಗೆಯದೆ ಕೂತರು. ನಾನು ನರಳಿದಾಗ ಇವರ ಮುಖ ನೋಡಬೇಕಿತ್ತು ನೀನು. ಅಡುಗೆ ಇವರದೇ, ಬಟ್ಟೆ ಇವರದೇ. ಉಪ್ಪು ಒಂದು ದಿನ ಇರುವುದಿಲ್ಲ, ಒಂದು ದಿನ ಎರಡು ದಿನದ್ದೂ ಇರುತ್ತದೆ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಸೋಮವಾರ ಗಾಜಿನ ಬಾಗಿಲಿಗೆ ಹೋಗುವುದೆಂದು ಇವರು ನಿಶ್ಚಯ ಮಾಡಿದ್ದಾರೆ. ರಕ್ತದ ಫಲ ಬರಲು ಕಾಲ ಬೇಕು, ಕಾಯಿರಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಇವರು ಕೇಳುವುದಿಲ್ಲ. "ದಿನಾ ನೀನು ಮೆಟ್ಟಿಲು ಹತ್ತೋದನ್ನ ನಾನು ನೋಡ್ತೀನಲ್ಲ. ಡಾಕ್ಟರಿಗೇನು, ಅವರು ನೋಡೋದು ತಿಂಗಳಿಗೊಂದು ಸಲ" ಎನ್ನುತ್ತಾರೆ. ಹೊಟ್ಟೆಗೆ ಸೂಜಿ ಚುಚ್ಚಿ ಕೊಬ್ಬು ಎಳೆಯುತ್ತಾರಂತೆ ಅಕ್ಕಾ. ನನಗೆ ಮೊದಲೇ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ. ಮೇಜಿಗೆ ವಾಪಸ್ ಬಂದಿದ್ದೇನೆ, ಮೇಲ್ವಿಚಾರಕ ನನ್ನ ಅಂಚನ್ನು ನನಗೇ ಕೊಟ್ಟಿದ್ದಾನೆ, ಈಗ ಮತ್ತೆ ರಜೆ ಎಂದರೆ ಶಾಶ್ವತವಾಗಿ ಗುಂಡಿಗೇ ಕೂರಿಸುತ್ತಾನೆ. ಇದೆಲ್ಲ ಒಂದು ಕಡೆಗಿರಲಿ. ನಿನ್ನೆ ಮೇಜು ಒರೆಸುವಾಗ ಆ ಜಾಹೀರಾತಿನ ಹಾಳೆ ಸಿಕ್ಕಿತು. ಬಹುದು ಕಾಣೆಯಾದ ಜಾಗದಲ್ಲಿ ಇವರು ಹಾಕಿದ್ದ ಕೆಂಪು ಸುತ್ತನ್ನು ಇವರೇ ರಬ್ಬರಿನಲ್ಲಿ ಉಜ್ಜಿದ್ದಾರೆ. ಪೂರ್ತಿ ಹೋಗಿಲ್ಲ, ಕಾಗದ ಕೆಂಪಗೆ ಕದಡಿದೆ. ಹಾಕಿದ ಗೆರೆಯನ್ನು ಅಳಿಸಿದವರಲ್ಲ ಇವರು. ನನಗೋಸ್ಕರ ಕಂಡ ತಪ್ಪನ್ನೂ ಕಾಣದ ಹಾಗೆ ಮಾಡಿಕೊಂಡಿದ್ದಾರಲ್ಲ.

ಬೇಡ ಎಂದು ಹೇಳಬಹುದು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ.

ಕಾಲು ಹೇಗಿದೆ ಎಂದು ಹೋದ ಕಾಗದದಲ್ಲಿ ನೀನು ಕೇಳಿದ್ದೆ. ಅದನ್ನು ಆಮೇಲೆ ಬರೆಯುತ್ತೇನೆ. ಗಂಟೆ ಹೊಡೆಯಿತು. ಗಡಿಯಾರ ಆಗಲೇ ಬಟ್ಟೆಯ ಕೊನೆ ಹಿಡಿದು ನನ್ನನ್ನು ನೋಡುತ್ತಿದ್ದಾಳೆ.

ನಿನ್ನ ಮಕ್ಕಳೆಲ್ಲ ಬೀಳದೆ ಚೆನ್ನಾಗಿರಲಿ, ಬಿದ್ದರೂ ಎದ್ದು ಓಡುವ ಹಾಗಿರಲಿ. ನಿನ್ನ ಎದೆ ಹಗುರವಾಗಿರಲಿ. ನನಗೆ ದೊಡ್ಡವಳು ನೀನೊಬ್ಬಳೇ ಉಳಿದಿರುವುದು, ಅದನ್ನು ನೆನಪಿಟ್ಟುಕೊಂಡು ಬೆಚ್ಚಗಿರು.

ಇಂತಿ ನಿನ್ನ,
ಸುಮ್ಮನಿರಲಾರದ ತಂಗಿ

ತಾ.ಕ.: ಶುಕ್ರವಾರ, ಮಧ್ಯಾಹ್ನದ ಚಹಾದ ಬಿಡುವು. ಕಾಗದ ಇನ್ನೂ ಅಂಚೆಗೆ ಬಿದ್ದಿಲ್ಲ, ನನ್ನ ಜೇಬಿನಲ್ಲೇ ಇದೆ. ಬರೆಯದೆ ಬಿಟ್ಟದ್ದನ್ನು ಬರೆಯದೆ ಕಳಿಸಲು ಮನಸ್ಸು ಬರುತ್ತಿಲ್ಲ.

ನನ್ನ ಕಾಲು ವಾಸಿಯಾಗಿದೆ ಅಕ್ಕಾ. ಕೆಲವು ವಾರಗಳೇ ಆದವು. ರಕ್ತ ಮಾಡಿತೋ, ಟಕಟಕ ಮಾಡಿತೋ, ತಾನಾಗಿ ಹೋಯಿತೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಹೆಜ್ಜೆ ಊರಿದೆ, ನೆಲ ಬರೀ ನೆಲವಾಗಿತ್ತು. ಇವರನ್ನು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಇವರು ಆ ಕಡೆ ಮೇಜಿನ ಮೇಲೆ ಹಾಳೆಗಳನ್ನು ಜೋಡಿಸುತ್ತಿದ್ದರು, ಸಂಜೆ ಓದುವುದಕ್ಕೆ, ತಮಗೆ ತಾವೇ ಏನೋ ಗುನುಗಿಕೊಂಡು. ಅವರ ಹಿಂದೆ ಕಿಟಕಿಯ ಹತ್ತಿರದ ಆ ಕುರ್ಚಿ ಕಂಡಿತು. ಬಾಯಿ ಮುಚ್ಚಿದೆ. ಕುಂಟಿಕೊಂಡು ಬಚ್ಚಲಿಗೆ ಹೋದೆ.

ಅಂದಿನಿಂದ ಕಾರ್ಖಾನೆಯಲ್ಲಿ ನೆಟ್ಟಗೆ ನಡೆಯುತ್ತೇನೆ, ನಮ್ಮ ಬೀದಿ ತಿರುಗಿದ ಕೂಡಲೇ ಕುಂಟುತ್ತೇನೆ. ಗಡಿಯಾರ ಮೊದಲ ದಿನವೇ ಕಂಡುಹಿಡಿದಳು. "ನಿನ್ನ ಕಾಲು ಸರಿಹೋಗಿದೆ ಕಣೇ, ಸುಳ್ಳು ಹೇಳಬೇಡ, ಬಟ್ಟೆನೇ ಹೇಳ್ತಿದೆ" ಎಂದಳು. ಮನೆಯಲ್ಲಿ ಇನ್ನೂ ಕುಂಟುತ್ತೇನೆಂದು ಅವಳಿಗೆ ಮಾತ್ರ ಗೊತ್ತು. ಈಗ ನನ್ನ ಸುಳ್ಳು ಕುಂಟನ್ನು ನೋಡಿಯೇ ಇವರು ಗಾಜಿನ ಬಾಗಿಲಿಗೆ ಹೊರಟಿರುವುದು. ನಿಜ ಹೇಳಿದರೆ ಕುರ್ಚಿಗೆ ಹೋಗುತ್ತಾರೆ, ಹೇಳದಿದ್ದರೆ ನಾನು ಸೂಜಿಗೆ ಹೋಗಬೇಕು. ಇಷ್ಟೇ ನಿನ್ನನ್ನು ಕೇಳಬೇಕೆಂದಿದ್ದದ್ದು.

ಆದರೆ ನಿನ್ನೆ ಒಂದು ಸಂಗತಿ ನಡೆಯಿತು. ನಿನಗೆ ಈ ಕಾಗದ ಬರೆದೆನಲ್ಲ, ಅದನ್ನೇ ಯೋಚಿಸುತ್ತಾ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು, ಇವರು ಮೇಜಿನ ಮುಂದೆ ಕೂತು ನಾನು ಬರುವುದನ್ನೇ ನೋಡುತ್ತಿದ್ದರು. ಒಳಗೆ ಬಂದೆ. ಕೋಣೆಯ ಮಧ್ಯಕ್ಕೆ ಬಂದಾಗ ನನಗೆ ಹೊಳೆಯಿತು. ಬಲಗಾಲು ಕುಂಟುತ್ತಿದ್ದೆ.

ಇವರ ಕೈ ಎದ್ದಿತು. ಪೆನ್ಸಿಲ್ ಹಿಡಿದ ಕೈ. ಅದು ಯಾವಾಗ ಹಾಗೆ ಏಳುತ್ತದೆ ಎಂದು ಮದುವೆಯಾದಾಗಿನಿಂದ ನೋಡಿದ್ದೇನೆ. ಅಂಗಡಿಯ ಬೋರ್ಡಿನ ಮುಂದೆ ಏಳದೆ ಹೋದ ಕೈ ಅದು. ನನಗೆ ಕಾಲು ಎತ್ತಿಡಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಇವರು ನನ್ನ ಪಾದ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಎದ್ದು ಬಿಸಿನೀರು ತಂದರು.

"ಬಾ, ಕಾಲು ಕೊಡು" ಎಂದರು.

ಕೂತೆ. ಅಭ್ಯಾಸಬಲ, ಎಡಗಾಲನ್ನೇ ಚಾಚಿದೆ, ಪೆದ್ದಿ. ಅದನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟರು. ಬಲಗಾಲನ್ನು ತೊಡೆಯ ಮೇಲೆ ತೆಗೆದುಕೊಂಡರು.

"ಇವತ್ತು ಇದು ಅಲ್ವಾ."

ತಿಕ್ಕಿದರು. ನಾನು ಹಾಳೆ ತೆಗೆದು ಓದಲು ಶುರುಮಾಡಿದೆ. ಅಕ್ಷರ ಕಾಣುತ್ತಿರಲಿಲ್ಲ, ಆದರೂ ಓದಿದೆ. ತಪ್ಪು ಓದಿದ್ದೇನೆಂದು ನನಗೇ ಗೊತ್ತಾಗುತ್ತಿತ್ತು. ಇವರು ಒಂದನ್ನೂ ತಿದ್ದಲಿಲ್ಲ.

ಇವತ್ತು ಬೆಳಿಗ್ಗೆ ನಾನು ಹೊರಡುವಾಗ, ಮುಖ ನೋಡದೆ ಹೇಳಿದರು: "ಸೋಮವಾರ ಬೇಡ. ಡಾಕ್ಟರು ಕಾಯಿ ಅಂದಿದಾರೆ, ಕಾಯೋಣ. ಬಲಗಾಲಿಗೆ ಯಾವುದು ಒಳ್ಳೇದು ಅಂತ ಮೊದಲಿಂದ ಓದಬೇಕಾಗುತ್ತೆ, ಅವಸರ ಮಾಡಬಾರದು." ಮುಖ ಗಂಭೀರವಾಗಿಯೇ ಇತ್ತು. ಕಿವಿಯ ಹಿಂದೆ ಪೆನ್ಸಿಲ್ ಇತ್ತು.

ಅಕ್ಕಾ, ಅವರಿಗೆ ಗೊತ್ತು. ಅವರಿಗೆ ಗೊತ್ತೆಂದು ನನಗೆ ಗೊತ್ತು. ನನಗೆ ಗೊತ್ತೆಂಬುದೂ ಅವರಿಗೆ ಗೊತ್ತಿರಬೇಕು. ಸಾಯಂಕಾಲದ ಗಂಟೆ ಹೊಡೆಯಲು ಇನ್ನು ಹೆಚ್ಚು ಹೊತ್ತಿಲ್ಲ. ಬೆಳಿಗ್ಗೆಯಿಂದ ಬಟ್ಟೆ ಹಾಸುತ್ತಾ ಒಂದನ್ನೇ ಯೋಚಿಸುತ್ತಿದ್ದೇನೆ, ನಿನ್ನ ಉತ್ತರ ಬರುವವರೆಗೆ ಕಾಯಲು ಆಗುವುದಿಲ್ಲ: ನಮ್ಮ ಬೀದಿ ತಿರುಗಿದ ಮೇಲೆ ಯಾವ ಕಾಲು ಕುಂಟಿಕೊಂಡು ಮನೆಗೆ ಹೋಗಲಿ?